ಸ್ಪಷ್ಟನೆ: ಸ್ಟ್ಯಾಕ್‌ನಿಂದ ಮೊದಲು ಹೊರಬರುವುದು ಬಲಗಡೆಯ ಸಂಖ್ಯೆ

ಶಿರಸಿ, ಕಾರವಾರದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಟಿಪ್ಪಣಿಯೊಂದು ‘ಪೋಸ್ಟ್‌ಫಿಕ್ಸ್ ಲೆಕ್ಕದಲ್ಲಿ ಮೊದಲು ಪಾಪ್ ಆದದ್ದೇ ಎಡಗಡೆಯ ಸಂಖ್ಯೆ’ ಎನ್ನುತ್ತದೆ. ಇದು ತಪ್ಪು. ಪೋಸ್ಟ್‌ಫಿಕ್ಸ್ ಎಂದರೆ ಲೆಕ್ಕದ ಚಿಹ್ನೆಯನ್ನು ಸಂಖ್ಯೆಗಳ ನಂತರ ಬರೆಯುವ ಕ್ರಮ; ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ ಸ್ಟ್ಯಾಕ್, ಅದರಿಂದ ಹೊರತೆಗೆಯುವುದು ಪಾಪ್. ಸ್ಟ್ಯಾಕ್‌ಗೆ ಕೊನೆಯಲ್ಲಿ ಹೋದದ್ದು ಮೊದಲು ಬರುತ್ತದೆ. ಹಾಗಾಗಿ ಮೊದಲು ಬಂದದ್ದು ಬಲಗಡೆಯದು, ಎರಡನೆಯದು ಎಡಗಡೆಯದು.

20 ಚೀಲ ಅಡಿಕೆಯಲ್ಲಿ 6 ಗಾಡಿಗೆ ಎರಡೆರಡು ಹೇರಿ, ಉಳಿದದ್ದನ್ನು 4 ಪಾಲು ಮಾಡಬೇಕು ಎನ್ನಿ: 20 6 2 * - 4 /. ಗುಣಾಕಾರಕ್ಕೆ 2, 6 ಹೊರಬಂದು 12 ಒಳಹೋಗುತ್ತದೆ. ಕಳೆಯುವಾಗ ಮೊದಲು 12, ಆಮೇಲೆ 20 ಬರುತ್ತದೆ. ಲೆಕ್ಕ 20 - 12, ಅಂದರೆ 8. ಮುಂದೆ 8 / 4, ಉತ್ತರ 2. ಟಿಪ್ಪಣಿಯಂತೆ ಮಾಡಿದರೆ -8, ಬಳಿಕ 4 / -8; ಸಿ ಭಾಷೆಯ ಪೂರ್ಣಾಂಕ ಭಾಗಾಕಾರದಲ್ಲಿ ಅದು ಸೊನ್ನೆ!

ಕೂಡುವಾಗ, ಗುಣಿಸುವಾಗ ಕ್ರಮ ತಪ್ಪಿದರೂ ಉತ್ತರ ಸರಿಯೇ ಬರುವುದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ. 8 3 - ಕೊಟ್ಟೇ ಪರೀಕ್ಷಿಸಿ: 5 ಬರಬೇಕು, -5 ಅಲ್ಲ.

ಇನ್ನೊಂದು ಮಾತು. ಒಂದೊಂದೇ ಅಕ್ಷರ ಓದುವ ಕೋಡ್ 20ನ್ನು 2, 0 ಎಂದು ಬೇರೆ ಬೇರೆಯಾಗಿ ಪುಶ್ ಮಾಡುತ್ತದೆ, ಅಂದರೆ ಸ್ಟ್ಯಾಕ್‌ಗೆ ಹಾಕುತ್ತದೆ. ಆಗ ಮೇಲಿನ ಲೆಕ್ಕ ಮುಗಿದಾಗ ಸ್ಟ್ಯಾಕ್‌ನಲ್ಲಿ 2, -3 ಎರಡೂ ಉಳಿದಿರುತ್ತವೆ, ಉಳಿಯಬೇಕಾದದ್ದು ಒಂದೇ.