ಬಿಳಿ ಹೆಬ್ಬಾತಿನ ಬೇಟೆ: ಮೊದಲ ಖರ್ಚು ಪೆಟ್ರೋಲಿಗಿರಲಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಅವನ್ನು ಯಾರೂ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಕಾವಲಿಗಿದೆ. ಅದೇ ಬಳಗದ ಬಿಳಿ ಹೆಬ್ಬಾತು, ಇಲ್ಲಿ ಅಮೆರಿಕದವರ ಸ್ನೋ ಗೂಸ್, ಫೆಬ್ರವರಿಯಲ್ಲಿ ಮಿಸೌರಿ ರಾಜ್ಯದ ಆಕಾಶ ತುಂಬಿದಾಗ ಸರ್ಕಾರವೇ ಹೊಡೆಯಿರಿ ಎನ್ನುತ್ತದೆ. ದಿನದ ಮಿತಿಯಿಲ್ಲ, ಕೋವಿಯಲ್ಲಿ ಮೂರೇ ತೋಟಾ ಇರಬೇಕೆಂಬ ಕಟ್ಟಳೆಯಿಲ್ಲ, ಬೇರೆ ಬಾತುಗಳ ಬೇಟೆಯಲ್ಲಿ ನಿಷಿದ್ಧವಾದ, ಹಕ್ಕಿಯ ಕೂಗು ನುಡಿಸುವ ವಿದ್ಯುತ್ ಕರೆಯಂತ್ರಕ್ಕೂ ಒಪ್ಪಿಗೆ. ಊರಿನ ಕಣ್ಣಿಗೆ ಇದು ಕ್ರೌರ್ಯವಾಗಿ ಕಾಣುವುದು ಸಹಜ. ಕಾರಣ ತಿಳಿದರೆ ನೋಟ ಸ್ವಲ್ಪ ಬದಲಾಗುತ್ತದೆ.

ದಕ್ಷಿಣದ ರಾಜ್ಯಗಳ ಭತ್ತ, ಮೆಕ್ಕೆಜೋಳದ ಕೂಳೆಯಲ್ಲಿ ಉದುರಿದ ಕಾಳು ತಿಂದು ಈ ಹಕ್ಕಿಗಳು ಚಳಿಗಾಲ ಕಳೆಯುವುದು ಸುಲಭವಾಯಿತು. ಸಂಖ್ಯೆ ಬೆಳೆಯುತ್ತ ಹೋಯಿತು. ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ, ಚರ್ಚಿಲ್ ಊರಿನ ಬಳಿಯ ಲಾ ಪೆರೂಸ್ ಕೊಲ್ಲಿಯಂಥ ಜಾಗಗಳಲ್ಲಿ, ಅವು ಹುಲ್ಲನ್ನು ಬೇರುಸಹಿತ ಅಗೆದು ತಿಂದವು. ಬೋಳಾದ ನೆಲದಲ್ಲಿ ನೀರು ಆವಿಯಾಗಿ ಉಪ್ಪು ಮೇಲೆದ್ದಿತು, ಮತ್ತೆ ಹುಲ್ಲು ಹುಟ್ಟಲಿಲ್ಲ. ಹಾಗಾಗಿ 1999ರಲ್ಲಿ ವಸಂತದ ಈ ವಿಶೇಷ ಅವಧಿ ಬಂತು. ಬೇಟೆಯಿಂದಲೇ ಸಂಖ್ಯೆ ಇಳಿಯಿತು ಎಂದು ಮಾತ್ರ ಹೇಳಲಾಗದು. ಬೇಟೆಗಾರರು ಹೊಡೆದದ್ದು ಸಾಲಲಿಲ್ಲ ಎಂದು ಸಂಶೋಧಕರೇ ತೋರಿಸಿದ್ದಾರೆ. ಪರಿಸರ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇಡ. ಕಾನೂನು ಒಪ್ಪುವ, ಹೊಟ್ಟೆಗೆ ಒದಗುವ ಬೇಟೆ ಎಂದಿಟ್ಟುಕೊಂಡರೆ ಸಾಕು.

ಇಲ್ಲಿ ನೆಲೆಸಿ ಈ ಬೇಟೆಗೆ ಹೊರಡುವ ನಮ್ಮವರು ಮೊದಲು ನೋಡಬೇಕಾದದ್ದು ವೀಸಾ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನೂ ತೋಟಾವನ್ನೂ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಂತೆ ಅಪರಾಧ. ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಇದೆ. ಗೆಳೆಯರ ಕೋವಿ ಎರವಲು ತರುವುದಕ್ಕೂ ಇದೇ ನಿಯಮ. ಆದ್ದರಿಂದ ಪರವಾನಗಿ ಮೊದಲು, ಕೋವಿ ಆಮೇಲೆ. ಮಿಸೌರಿಯಲ್ಲಿ 1967ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಮುಗಿಸಿರಬೇಕು. ಈ ಅವಧಿಗೆ ಪ್ರತ್ಯೇಕ ಪರ್ಮಿಟ್ ಬೇಕು, ಅದು ರಾಜ್ಯದ ನಿವಾಸಿಗಳಿಗೆ ಬಹಳ ಅಗ್ಗ. ಜಮ್ಮಾ ಕೋವಿಯ ಕೊಡಗಿನಿಂದ ಬಂದವರಿಗೆ ಕೋವಿ ಹೊಸದಲ್ಲ. ಆದರೆ ಅಲ್ಲಿನ ವಿನಾಯಿತಿಗೆ ಇಲ್ಲಿ ಬೆಲೆಯಿಲ್ಲ.

ಕೋವಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಕೈದಾಟಿ ಬಂದ 12 ಬೋರಿನ ಪಂಪ್ ಕೋವಿ, 3 ಇಂಚಿನ ತೋಟಾ ಹಿಡಿಯುವಂಥದ್ದು, ಬೇಕಾದಷ್ಟಾಯಿತು. ಸೀಸದ ಚರೆ ನೀರುಹಕ್ಕಿಗಳ ಬೇಟೆಗೆ 1991ರಿಂದ ದೇಶದಾದ್ಯಂತ ನಿಷೇಧ. ಬಿಬಿ ಗಾತ್ರದ ಅಥವಾ 2ನೇ ನಂಬರಿನ ಉಕ್ಕಿನ ಚರೆ ತನ್ನಿ. ಉಕ್ಕು ಸೀಸಕ್ಕಿಂತ ಹಗುರ, ದೂರ ಹೋದಂತೆ ವೇಗ ಬೇಗ ಕಳೆದುಕೊಳ್ಳುತ್ತದೆ. 35 ಗಜ ಮೀರಿದರೆ ಹಕ್ಕಿ ಸಾಯದೆ ಗಾಯಗೊಂಡು ಎಲ್ಲೋ ಬೀಳುವ ಸಂಭವ ಹೆಚ್ಚು. ಹೊಸಬರು ತೋಟಾ ಖಾಲಿ ಮಾಡುವುದೂ ಇಲ್ಲೇ. ದೊಡ್ಡ ಉಕ್ಕಿನ ಚರೆಗೆ ನಳಿಗೆಯ ತುದಿಯಲ್ಲಿ, ಚರೆ ಹರಡದಂತೆ ಬಾಯಿ ಕಿರಿದಾಗಿಸುವ ಚೋಕ್ ಮಾಡಿಫೈಡ್ ಅಳತೆಯದಿರಲಿ, ಬಿಗಿಯಾದ ಫುಲ್ ಚೋಕ್ ಬೇಡ.

ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಡಿಕಾಯ್‌ಗಳಲ್ಲಿ, ಅಂದರೆ ಹಿಂಡನ್ನು ಮರುಳುಮಾಡಿ ಇಳಿಸಲು ನೆಡುವ ನಕಲಿ ಹಕ್ಕಿಗಳಲ್ಲಿ. ಹಳಗನ್ನಡದಲ್ಲಿ ಇದಕ್ಕೆ ‘ದೀವ’ ಎಂಬ ಮಾತಿದೆ. ಆ ಕಾಲದ ದೀವ ಪಳಗಿಸಿದ ಜೀವಂತ ಮೃಗ. ಇಲ್ಲಿ ಜೀವಂತ ದೀವ 1935ರಿಂದ ನಿಷಿದ್ಧ, ಕಾಳು ಚೆಲ್ಲಿ ಕರೆಯುವುದೂ ನಿಷಿದ್ಧ. ಹಾಗಾಗಿ ಬಟ್ಟೆ, ಪ್ಲಾಸ್ಟಿಕ್ಕಿನ ಹಕ್ಕಿಗಳು. ಪಳಗಿದ ಬೇಟೆಗಾರರ ತಂಡಗಳು ಸಾವಿರದವರೆಗೆ ನೆಡುತ್ತವೆ. ಹತ್ತಾರು ವರ್ಷ ಬದುಕಬಲ್ಲ ಈ ಹಕ್ಕಿಯ ಹಿಂಡಿನಲ್ಲಿ ಅಂಥ ಮೋಸ ಕಂಡು ಬಲ್ಲ ಹಿರಿಯ ಹಕ್ಕಿಗಳಿರುತ್ತವೆ. ನಿಮ್ಮ ನೂರೈವತ್ತು ಬಟ್ಟೆ ಹಕ್ಕಿಗಳು ಅವನ್ನು ಇಳಿಸುವುದಿಲ್ಲ. ಮೊದಲ ವರ್ಷ ಡಿಕಾಯ್ ಕೊಳ್ಳಲೇಬೇಡಿ, ಆ ದುಡ್ಡನ್ನು ಪೆಟ್ರೋಲಿಗೆ ಇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾಯವ್ಯ ಮಿಸೌರಿಯ ಮೌಂಡ್ ಸಿಟಿ ಬಳಿ ಲೋಯೆಸ್ ಬ್ಲಫ್ಸ್ ಎಂಬ ರಕ್ಷಿತ ಜೌಗು ಪ್ರದೇಶವಿದೆ. ಹಿಂಡುಗಳು ರಾತ್ರಿ ಅಂಥ ನೀರಿನಲ್ಲಿ ತಂಗಿ, ಬೆಳಕು ಹರಿಯುತ್ತಲೇ ಸುತ್ತಲ ಕೂಳೆ ಹೊಲಗಳಿಗೆ ಹಾರುತ್ತವೆ. ಹೊತ್ತೇರಿದ ಮೇಲೆ ನೀರಿಗೆ ಮರಳುತ್ತವೆ, ಸಂಜೆ ಮತ್ತೆ ಮೇಯಲು. ಎರಡು ದಿನ ಕಾರಿನಲ್ಲಿ ಹಿಂಬಾಲಿಸಿ ಯಾವ ಗಾಳಿಗೆ ಯಾವ ದಾರಿ ಹಿಡಿಯುತ್ತವೆ ಎಂದು ಬರೆದಿಟ್ಟುಕೊಳ್ಳಿ. ಎದುರುಗಾಳಿ ಜೋರಾಗಿದ್ದ ದಿನ, ಮಂಜು ಕವಿದ ದಿನ ಅವು ತಗ್ಗಿ ಹಾರುತ್ತವೆ. ಆ ದಾರಿಯ ಕೆಳಗೆ, ರಕ್ಷಿತ ಪ್ರದೇಶದ ಹೊರಗೆ, ಬೇಲಿಸಾಲಿನ ಮರೆಯಲ್ಲಿ ಕೂತರೆ ಒಂದೂ ಡಿಕಾಯ್ ಇಲ್ಲದೆ ಹಕ್ಕಿ ಸಿಗುತ್ತದೆ. ತಂಗುವ ನೀರಿನ ಮೇಲೆ ಮಾತ್ರ ಗುಂಡು ಹಾರಿಸಬೇಡಿ. ಹಿಂಡು ಆ ಸೀಮೆಯನ್ನೇ ಬಿಟ್ಟು ಹೋಗುತ್ತದೆ, ಉಳಿದವರ ಬೇಟೆಯೂ ಕೆಡುತ್ತದೆ.

ಹೊಲ ಯಾರದೆಂದು ಕೌಂಟಿಯ ಜಮೀನು ನಕ್ಷೆಯಲ್ಲಿ ಸಿಗುತ್ತದೆ. ಮನೆಗೇ ಹೋಗಿ ಕೇಳಿ, ಫೋನಿನಲ್ಲಲ್ಲ. ಮಾಗಡಿಯ ಸುತ್ತಲ ರೈತರಿಗೆ ಪೈರು ಮೇಯುವ ಹೆಬ್ಬಾತಿನ ಕಾಟ ಹೇಗೋ, ಇಲ್ಲಿ ಚಳಿಗಾಲದ ಗೋಧಿ ಬಿತ್ತಿದವರಿಗೂ ಹಾಗೇ; ಅವರು ಬೇಗ ಒಪ್ಪುತ್ತಾರೆ. ಹಿಮ ಕರಗಿದ ಹೊಲಕ್ಕೆ ಗಾಡಿ ಇಳಿಸಬೇಡಿ. ಚಕ್ರದ ಗುಂಡಿ ಬಿದ್ದ ಹೊಲಕ್ಕೆ ಮರುವರ್ಷ ಯಾರನ್ನೂ ಬಿಡುವುದಿಲ್ಲ. ಸಾಮಾನು ಎಳೆಯಲು ಮಕ್ಕಳ ಪ್ಲಾಸ್ಟಿಕ್ ಜಾರುಬಂಡಿ ಸಾಕು.

ಮಾರ್ಚಿ ಕೊನೆಗೆ ಬರುವ ಹಿಂಡುಗಳಲ್ಲಿ ಕಳೆದ ಬೇಸಿಗೆಯ ಬೂದು ಮರಿಗಳು ಹೆಚ್ಚು. ಅವಕ್ಕೆ ಅನುಭವ ಕಡಿಮೆ. ಡಿಕಾಯ್ ಮಾಡುವುದಿದ್ದರೆ ಆ ಹೊತ್ತಿಗೆ ಮಾಡಿ. ಮನೆ ಕಟ್ಟುವವರು ಗೋಡೆಗೆ ಸುತ್ತುವ ಟೈವೆಕ್ ಹಾಳೆಯನ್ನು ಎರಡಡಿ ಉದ್ದದ ಚೀಲವಾಗಿ ಹೊಲಿದು, ಬಾಯಿಗೆ ತಂತಿಯ ಬಳೆ ಕೊಟ್ಟು, 30 ಇಂಚಿನ ಫೈಬರ್‌ಗ್ಲಾಸ್ ಕಡ್ಡಿಗೆ ಸಿಕ್ಕಿಸಿ. ಅಕ್ಷರ ಅಚ್ಚಾದ ಮಗ್ಗುಲು ಒಳಗಿರಲಿ. ಕಸದ ಬಿಳಿ ಚೀಲ ಇನ್ನೂ ಅಗ್ಗ, ಆದರೆ ಬಿಸಿಲಿಗೆ ಮಿಂಚುತ್ತದೆ, ಮಿಂಚಿದ್ದನ್ನು ಕಂಡ ಹಿಂಡು ಮೇಲೇರುತ್ತದೆ. ಗಂಟೆಗೆ ಐದು ಮೈಲಿಗಿಂತ ಕಡಿಮೆ ಗಾಳಿಯಿದ್ದರೆ ಈ ಚೀಲಗಳು ಒದ್ದೆ ಬಟ್ಟೆಯಂತೆ ಜೋತುಬೀಳುತ್ತವೆ. ಆ ದಿನ ನೆಡಬೇಡಿ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುವುದರಿಂದ ಗಾಳಿ ಹೋಗುವ ದಿಕ್ಕಿನ ತುದಿಯಲ್ಲಿ ಖಾಲಿ ಜಾಗ ಬಿಡಿ. ಬಣ್ಣ ಬಳಿಯುವವರ ಬಿಳಿ ಮೇಲಂಗಿ ತೊಟ್ಟು ಚೀಲಗಳ ನಡುವೆ ಅಂಗಾತ ಮಲಗುವುದು. ಇಬ್ಬರಿದ್ದರೆ ಯಾರ ನಳಿಗೆ ಯಾವ ಕಡೆ ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಕು. ಕರೆಯಂತ್ರಕ್ಕೆ 12 ವೋಲ್ಟಿನ ಬ್ಯಾಟರಿ, ಚಿಕ್ಕ ಆಂಪ್ಲಿಫೈಯರ್, ಎರಡು ಹಾರ್ನ್ ಸ್ಪೀಕರ್ ಸಾಕು. ಧ್ವನಿ ಒಡೆಯುವಷ್ಟು ಏರಿಸಿದರೆ ಕೆಲಸ ಕೆಡುತ್ತದೆ.

ಗುಂಡು ಹಾರಿಸುವ ಮುನ್ನ ರೆಕ್ಕೆಯ ತುದಿ ನೋಡಿ. ಬಿಳಿ ಹೆಬ್ಬಾತಿಗೆ ತುದಿ ಕಪ್ಪು, ಹಂಸಕ್ಕೆ ಪೂರ್ತಿ ಬಿಳಿ. ಹೆಜ್ಜಾರ್ಲೆಗೂ, ಅಳಿವಿನಂಚಿನ ವೂಪಿಂಗ್ ಕ್ರೇನಿಗೂ ರೆಕ್ಕೆಯಲ್ಲಿ ಕಪ್ಪಿದೆ. ಹೆಜ್ಜಾರ್ಲೆಯ ಉದ್ದ ಕೊಕ್ಕು, ಕ್ರೇನಿನ ಹಿಂದೆ ಚಾಚಿದ ಕಾಲು ಗುರುತು. ಕೆನಡಾ ಹೆಬ್ಬಾತು ಹಿಂಡಿನಲ್ಲಿ ಬೆರೆತಿರುತ್ತದೆ, ಅದರ ಬೇಟೆಗೆ ಈ ವಿಶೇಷ ಅವಧಿ ಕಾಲವಲ್ಲ. ಸಂಶಯವಿದ್ದರೆ ಬಿಟ್ಟುಬಿಡಿ.

2022ರಿಂದ ಈ ಹಿಂಡುಗಳಲ್ಲಿ ಹಕ್ಕಿಜ್ವರವಿದೆ. ತೂಗಾಡುವ, ಹಾರಲಾಗದ ಹಕ್ಕಿಯನ್ನು ಮುಟ್ಟಬೇಡಿ. ಉಳಿದವನ್ನು ಕೈಗವಸು ಹಾಕಿ ಸುಲಿಯಿರಿ, 74 ಡಿಗ್ರಿ ಸೆಲ್ಸಿಯಸ್ ಒಳಬಿಸಿ ಮುಟ್ಟುವವರೆಗೆ ಬೇಯಿಸಿ. ಕೊಬ್ಬಿಲ್ಲದ ಕೆಂಪು ಮಾಂಸ. ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸಿ, ಕಾಲುಗಳನ್ನು ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿ ಕೊಡಗಿನ ಹುಳಿರಸ ಕಾಚಂಪುಳಿ, ಹುರಿದ ಮೆಣಸಿನಪುಡಿ ಹಾಕಿದರೆ ಪಂದಿ ಕರಿಯ ಮಸಾಲೆಗೆ ಚೆನ್ನಾಗಿ ಒಗ್ಗುತ್ತದೆ. ಮನೆ ಮುಟ್ಟುವವರೆಗೆ ಪ್ರತಿ ಹಕ್ಕಿಗೂ ತಲೆ ಅಥವಾ ಗರಿಯಿರುವ ಒಂದು ರೆಕ್ಕೆ ಉಳಿದಿರಬೇಕು. ಹೊಲದವರಿಗೆ ಎರಡು ಹಕ್ಕಿ ಕೊಡುವುದಾದರೆ ನಿಮ್ಮ ಸಹಿ, ವಿಳಾಸ, ಹಕ್ಕಿಯ ಹೆಸರು, ಎಷ್ಟು, ಯಾವ ದಿನ ಹೊಡೆದದ್ದು ಎಂದು ಚೀಟಿ ಬರೆದು ಕಟ್ಟಿಕೊಡಿ.