ಗುರುವಾರ ನನ್ನ ಸರದಿ

ಗುರುವಾರ ಬರುತ್ತದೆ ಅಂದರೆ ನನಗೆ ಬುಧವಾರ ಸಂಜೆಯಿಂದಲೇ ತಲೆಬಿಸಿ. ನಾವು ಐದು ಜನ ಹಾಸ್ಟೆಲ್ ಗೆಳತಿಯರು. ಧಾರವಾಡದಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಬಕೆಟ್ಟಿಗಾಗಿ ಜಗಳ ಆಡಿದವರು. ಈಗ ಐವರೂ ಐದು ಊರಲ್ಲಿದ್ದೇವೆ. ಹೋದ ವರ್ಷ ಶಿರಸಿಯವಳಿಗೆ ಒಂದು ಯೋಚನೆ ಬಂತು. ದಿನಾ ಬೆಳಿಗ್ಗೆ ಒಬ್ಬೊಬ್ಬರು ಸರದಿಯ ಮೇಲೆ ಒಂದು ಸ್ಫೂರ್ತಿಯ ಕಥೆ ಕಳಿಸಬೇಕು. ಹೆಂಗಸರ ಸಾಧನೆಯದ್ದಾದರೆ ಇನ್ನೂ ಒಳ್ಳೆಯದು. ಶನಿವಾರ, ಭಾನುವಾರ ರಜೆ.

ಆ ರಜೆಯೂ ಸಿಗಲಿಲ್ಲ. ಶುಕ್ರವಾರದ ಸರದಿಯವಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳು ಶುಕ್ರವಾರ ಊಟ ಮುಗಿಸಿ, ಪಾತ್ರೆ ತೊಳೆದು, ಸ್ಫೂರ್ತಿ ಕಳಿಸುವಾಗ ನಮಗೆ ಶನಿವಾರ ಬೆಳಿಗ್ಗೆ ಐದೂವರೆ. ಟಣ್ ಅಂತ ಫೋನು. ಕಾಫಿಗಿಂತ ಮುಂಚೆ ಸ್ಫೂರ್ತಿ ಪಡೆಯುವ ಶಕ್ತಿ ನನ್ನ ಮೈಯಲ್ಲಿಲ್ಲ. ಈ ವಿಷಯದ ಬಗ್ಗೆ ನನಗೊಂದು ಒಳ್ಳೆಯ ಮಾತು ಹೊಳೆದಿತ್ತು, ಅದನ್ನು ಹೇಳಲಿಕ್ಕೇ ಬರೆಯಲು ಕೂತಿದ್ದು. ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಮೊದಮೊದಲು ನಾನೂ ಶ್ರದ್ಧೆಯಿಂದಲೇ ಕಳಿಸುತ್ತಿದ್ದೆ. ಒಂದು ಗುರುವಾರ ನಮ್ಮ ಬೀದಿಗೆ ಬರುವ ಸೊಪ್ಪಿನಾಕೆಯ ಬಗ್ಗೆ ಬರೆದೆ. ಆರು ಮನೆಯ ಬಾಕಿ, ಯಾರಿಗೆ ದಂಟು, ಯಾರಿಗೆ ಸಬ್ಬಸಿಗೆ, ಯಾರಿಗೆ ಎಷ್ಟು ಚಿಲ್ಲರೆ ಕೊಡಬೇಕು, ಎಲ್ಲ ಆಕೆಯ ಬಾಯಲ್ಲೇ ಇರುತ್ತದೆ. ಒಂದು ಚೀಟಿ ಇಲ್ಲ. ಮೈಸೂರಿನವಳು ಕೇಳಿದಳು: “ಚೆನ್ನಾಗಿದೆ ಕಣೇ, ಆದ್ರೆ ಇದರಲ್ಲಿ ಮೆಸೇಜ್ ಏನು?” ಮೆಸೇಜ್ ಇಲ್ಲ, ಮೆಂತ್ಯ ಇದೆ ಅಂದೆ. ಅವತ್ತು ಯಾರೂ ನಗಲಿಲ್ಲ.

ಪ್ರಶಸ್ತಿ ಬಂದ ಹೆಂಗಸರಾದರೆ ಮೆಸೇಜಿಗೆ ಕೊರತೆಯಿಲ್ಲ. ಸಾಲುಮರದ ತಿಮ್ಮಕ್ಕ ಐವರ ಸರದಿಯಲ್ಲೂ ಒಮ್ಮೆಯಾದರೂ ಬಂದು ಹೋಗಿದ್ದಾರೆ. ಪ್ರತಿ ಸಲವೂ ಮರಗಳ ಸಂಖ್ಯೆ ಬೇರೆ. ಹುಬ್ಬಳ್ಳಿಯವಳು 284 ಅಂದಳು. ಮೈಸೂರಿನವಳು “ನಾಲ್ಕು ನೂರಕ್ಕೂ ಜಾಸ್ತಿ” ಅಂದಳು. ನಾನು ತಿದ್ದಿದೆ: ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ. “ಅಯ್ಯೋ, ಹತ್ತಿಪ್ಪತ್ತು ಹೆಚ್ಚುಕಮ್ಮಿ ಆದ್ರೆ ಏನಾಯ್ತು, ಭಾವನೆ ಮುಖ್ಯ” ಎಂದು ಉತ್ತರ ಬಂತು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು ಒಂದೊಂದೇ ಗಿಡಕ್ಕೆ ಹಾಕಿ ಬೆಳೆಸಿದ ಮರಗಳು ಅವು. ಹೊತ್ತವರಿಗೆ ಅದು ಹೆಚ್ಚುಕಮ್ಮಿಯ ಲೆಕ್ಕವಲ್ಲ. ರಸ್ತೆ ಅಗಲ ಮಾಡಲು ಅದೇ ಮರಗಳಿಗೆ ಕುತ್ತು ಬಂದಾಗ, 2019ರಲ್ಲಿ, ನೂರು ದಾಟಿದ ಆ ಅಜ್ಜಿಯೇ ಮುಖ್ಯಮಂತ್ರಿಗಳ ಬಳಿ ಬೇಡಿಕೊಳ್ಳಬೇಕಾಯಿತು. ಆ ಕಥೆಯನ್ನು ಯಾರೂ ಬೆಳಿಗ್ಗೆ ಐದೂವರೆಗೆ ಕಳಿಸುವುದಿಲ್ಲ.

ತುಳಸಿ ಗೌಡರದ್ದೂ ಇದೇ ಕಥೆ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡ ಫೋಟೋ ನಿಮಗೂ ಬಂದಿರುತ್ತದೆ. “ಎಂಥಾ ಸರಳತೆ!” ಅಂತ ಮೈಸೂರಿನವಳು ಮೂರು ಕೈಮುಗಿದ ಚಿತ್ರ ಹಾಕಿದಳು. ಅವಳ ಮನೆಯ ಚಪ್ಪಲಿ ಸ್ಟ್ಯಾಂಡು ನಾನು ನೋಡಿದ್ದೇನೆ, ಆ ಮಾತು ಬೇಡ. ಅಂಕೋಲೆಯ ಹೊನ್ನಳ್ಳಿಯ ಆ ಹಾಲಕ್ಕಿ ಬುಡಕಟ್ಟಿನ ಹೆಂಗಸು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿ ಮಾಡಿದವರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಆರಿಸಬೇಕು ಅಂತ ತಿಳಿದವರು. ಅವರ ವಿದ್ಯೆಯೆಲ್ಲ ಕೈಯಲ್ಲಿತ್ತು. ನಾವು ನೋಡಿದ್ದು ಕಾಲು.

ಇಷ್ಟೆಲ್ಲ ಗೊಣಗುವ ನಾನೇ ಒಂದು ಸೋಮವಾರ ಜಾರಿಬಿದ್ದೆ. ಶಿರಸಿಯವಳು ಯಲ್ಲಾಪುರ ಕಡೆಯ ಸಿದ್ದಿ ಬುಡಕಟ್ಟಿನ ಹೆಂಗಸರು ಕವಂದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ಹೊಲಿಯುವ ವಿಡಿಯೋ ಕಳಿಸಿದ್ದಳು. ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸುತ್ತ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಗುಂಟ ಹೊಲಿಯುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ಹೂವು. ಕೆಂಪಿನ ಪಕ್ಕ ಹಸಿರು, ಅದರ ಪಕ್ಕ ಹೂವಿನ ಚೀಟಿ ಬಟ್ಟೆ, ಯಾವುದೂ ಒಂದಕ್ಕೊಂದು ಮ್ಯಾಚ್ ಇಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ. ಎರಡು ನಿಮಿಷದ ವಿಡಿಯೋ. ಕೆಲಸವೂ ಎರಡು ನಿಮಿಷದ್ದೇ ಅಂತ ನನ್ನ ಬುದ್ಧಿಗೆ ಅನ್ನಿಸಿಬಿಟ್ಟಿತು.

ನಮ್ಮ ಕಡೆ ಇದಕ್ಕೆ ಕೌದಿ ಅನ್ನುತ್ತೇವೆ. ನಮ್ಮಜ್ಜಿ ಬೇಸಿಗೆ ಬಂತೆಂದರೆ ಪಡಸಾಲೆಯಲ್ಲಿ ಕೌದಿ ಹಾಸಿ ಕೂರುತ್ತಿದ್ದಳು. ಅಜ್ಜಿಗೆ ಬರುತ್ತಿತ್ತು ಅಂದಮೇಲೆ ಮೊಮ್ಮಗಳಿಗೂ ಬರಲೇಬೇಕು ಅಂದುಕೊಂಡೆ. ದಪ್ಪ ಸೂಜಿ ತಂದೆ. ಆರು ಉಂಡೆ ದಾರ ತಂದೆ. ಬೀರು ತೆಗೆದೆ. ಒಂದು ಹಳೇ ಸೀರೆ ಇಲ್ಲ!

ಸೀರೆಗಳೇನೋ ರಾಶಿ ಇದ್ದವು. ಆದರೆ ಎಲ್ಲ ಉಟ್ಟು ಬೇಜಾರಾದ ಸೀರೆಗಳು, ಉಟ್ಟು ಸವೆದದ್ದು ಒಂದೂ ಇಲ್ಲ. ಅದೂ ಸಿಂಥೆಟಿಕ್, ಜಾರ್ಜೆಟ್. ಕೌದಿಗೆ ಬೇಕಾದ್ದು ನೂರು ಸಲ ಒಗೆದು ಮೆತ್ತಗಾದ ನೂಲಿನ ಸೀರೆ. ಯಜಮಾನರ ಎರಡು ಲುಂಗಿ ಸಿಕ್ಕವು. ನಾಲ್ಕು ದಿಂಬಿನ ಕವರು ಸಿಕ್ಕವು. ಕೊನೆಗೆ ಟ್ರಂಕಿನ ತಳದಲ್ಲಿ ಒಂದು ಇಳಕಲ್ ಸೀರೆ ಸಿಕ್ಕಿತು. ಕಡು ಹಸಿರು ಮೈ, ಕೆಂಪು ತೋಪುತೆನೆ ಸೆರಗು, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿತ್ತು. ಮೆತ್ತಗೆ ಬೆಣ್ಣೆಯ ಹಾಗಿತ್ತು. ಕತ್ತರಿ ಹಾಕಿದೆ. ನಾಲ್ಕು ತುಂಡು.

ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದರು. ತುಂಡು ಮುಟ್ಟಿ ನೋಡಿದರು.

“ಹಳೇದಿತ್ತಲ್ರೀ ಅತ್ತಿ” ಅಂದೆ.

“ಹಳೇದಲ್ಲವಾ ಅದು. ಎತ್ತಿಟ್ಟಿದ್ದು.”

ಇಷ್ಟೇ ಅಂದು ಒಳಗೆ ಹೋದರು. ರಾತ್ರಿ ಊಟಕ್ಕೆ ಬಂದರು, ಮಾತಿಲ್ಲ. ಯಾವಾಗಿನ ಸೀರೆ, ಯಾರು ಕೊಟ್ಟದ್ದು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಈವರೆಗೂ ಆಗಿಲ್ಲ.

ಮಾರನೇ ದಿನ ನಾನು ಹಾಲ್‌ನ ನೆಲದ ಮೇಲೆ ಪದರ ಹಾಸಿ, ಮೂಲೆ ಮಗುಚದ ಹಾಗೆ ಒಂದು ಕಡೆ ಕುಟ್ಟಾಣಿ, ಒಂದು ಕಡೆ ಅಕ್ಕಿ ಡಬ್ಬಿ ಇಟ್ಟು, ಹೊಲಿಯಲು ಕೂತೆ. ಅತ್ತೆ ಸೋಫಾದ ಮೇಲಿಂದ ನೋಡುತ್ತಿದ್ದರು. ಅರ್ಧ ಗಂಟೆ ತಡೆದುಕೊಂಡರು. ಆಮೇಲೆ ಮಂಡಿ ಹಿಡಿದುಕೊಂಡು ಕೆಳಗಿಳಿದು ಬಂದು ನನ್ನ ಕೈಯಿಂದ ಸೂಜಿ ಕಸಿದರು. “ಇದೇನು ಹೊಲಿಗಿ? ಇರಿವಿ ಸಾಲು ಜಗಳಾಡಿ ಚದರಿದಂಗ ಐತಿ.” ನನ್ನನ್ನು ಕ್ಷಮಿಸಿದರು ಅಂತ ತಿಳಿಯಬೇಡಿ. ನನ್ನ ಹೊಲಿಗೆ ನೋಡಲಾಗಲಿಲ್ಲ, ಅಷ್ಟೇ.

ನಾನು ಹಾಕಿದ್ದ ಎರಡು ಸಾಲನ್ನೂ ಬಿಚ್ಚಿಸಿದರು. ಅಲ್ಲಿಂದ ಮೂರು ತಿಂಗಳು. ದಿನಕ್ಕೆ ಎರಡು ಸಾಲು, ಹೆಚ್ಚೆಂದರೆ ಮೂರು. ಅವರದ್ದು ಗೆರೆ ಎಳೆದ ಹಾಗೆ ಬರುತ್ತಿತ್ತು. ನನ್ನದು ಅದರ ಪಕ್ಕ ಕುಡಿದು ನಡೆದ ಹಾಗೆ. ಯಜಮಾನರು ಕೌದಿ ದಾಟಿಕೊಂಡು ಟಿವಿ ಹತ್ತಿರ ಹೋದರೆ ಬೈಗುಳ. ಅವರ ಲುಂಗಿಯೇ ಅದರೊಳಗಿದ್ದರೂ ದಾಟುವ ಹಕ್ಕು ಅವರಿಗಿಲ್ಲ. ಅವರ ಪಾಲಿನ ಕೆಲಸ ಅಂದರೆ ನಿಂತಲ್ಲೇ ಫೋಟೋ ತೆಗೆದು “ಸೂಪರ್, ಸೂಪರ್” ಅನ್ನುವುದು. ನನ್ನ ಮಂಡಿಗೆ ಎಣ್ಣೆ ಹಚ್ಚಿಕೊಡುತ್ತೀರಾ ಅಂದರೆ ಮೀಟಿಂಗ್ ಇದೆ.

ಒಂದು ಗುರುವಾರ ಕಳಿಸಲು ಏನೂ ಸಿಗದೆ ಅರ್ಧ ಮುಗಿದ ಕೌದಿಯ ಫೋಟೋ ಹಾಕಿದೆ. ಹೃದಯದ ಚಿತ್ರಗಳು ಬಂದವು. ನ್ಯೂಜೆರ್ಸಿಯವಳು, ಇಲ್ಲಿ ಇದಕ್ಕೆಷ್ಟು ಡಿಮ್ಯಾಂಡ್ ಗೊತ್ತಾ ಅಂದಳು. ಶಿರಸಿಯವಳು, “ಪೂರ್ತಿ ಮುಗಿದ ಮೇಲೆ ಹಾಕು, ಆಗ ಅದು ನಿಜವಾದ ಸ್ಫೂರ್ತಿ” ಅಂದಳು. ಅಂದರೆ ಅವತ್ತಿನ ಸರದಿ ಲೆಕ್ಕಕ್ಕಿಲ್ಲ! ಹುಬ್ಬಳ್ಳಿಯವಳು ಮಾತ್ರ ನೇರ ಫೋನೇ ಮಾಡಿದಳು. ನನ್ನ ಕಣ್ಣು ತುಂಬಿ ಬಂತು, ಎಷ್ಟಾದರೂ ಅವಳೇ ನಿಜವಾದ ಗೆಳತಿ ಅಂತ. “ಭಾಳ ಛಲೋ ಆಗೇದ ನೋಡು. ನಮ್ಮ ಸೊಸಿ ಹೆರಿಗಿ ಜನವರಿಯೊಳಗ. ಕೂಸಿಗೆ ಒಂದು ಸಣ್ಣದು ಹೊಲದು ಕೊಡs” ಅಂದಳು. ಸ್ಫೂರ್ತಿ ಅವಳಿಗೆ ಬಂದಿತ್ತು, ಹೊಲಿಯಬೇಕಾದವಳು ನಾನು.

ಸ್ಫೂರ್ತಿಯ ಬಗ್ಗೆ ಏನೋ ಒಳ್ಳೆಯ ಮಾತು ಹೇಳುತ್ತೇನೆ ಅಂದಿದ್ದೆ, ಅಲ್ವಾ? ಬಾಯಿ ತುದಿಯಲ್ಲೇ ಇದೆ. ಅಷ್ಟರಲ್ಲಿ ಕೌದಿಯ ಕಥೆ ಮುಗಿಸಿಬಿಡುತ್ತೇನೆ, ಯಾಕೆಂದರೆ ಕೌದಿ ಮುಗಿದಿಲ್ಲ.

ಸುತ್ತಿ ಬಂದು ಬಂದು ನಡುವೆ ಒಂದು ಅಂಗೈ ಅಗಲದ ಜಾಗ ಉಳಿಯಿತು. ಇವತ್ತೇ ಮುಚ್ಚಿಬಿಡೋಣ ಅಂತ ನಾನು ದಾರ ಪೋಣಿಸಿದೆ. ಅತ್ತೆ ಕೈ ಹಿಡಿದರು. “ಹೊಟ್ಟಿ ತುಂಬಿಸದ ಮುಚ್ಚತಾರೇನು?” ಆಗ ನನಗೂ ನೆನಪಾಯಿತು. ನಮ್ಮಜ್ಜಿಯೂ ಕೊನೆಯ ಹೊಲಿಗೆಗೆ ಮುಂಚೆ ಚೂರು ರೊಟ್ಟಿ ಒಳಗಿಡುತ್ತಿದ್ದಳು. ಕೌದಿಯ ಹೊಟ್ಟೆ ಬರಿದಿರಬಾರದಂತೆ, ಹೊದ್ದವರಿಗೆ ಹಸಿವು ಬರುತ್ತದಂತೆ. ಅವತ್ತು ಮನೆಯಲ್ಲಿ ರೊಟ್ಟಿ ಇರಲಿಲ್ಲ. ಬ್ರೆಡ್ ಇಡೋಣವೇ ಅಂದೆ. ಅತ್ತೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ನಾಲ್ಕು ಕಾಳು ಅಕ್ಕಿ? “ಜ್ವಾಳದ ರೊಟ್ಟಿ” ಅಂದರು.

ಭಾನುವಾರ ರೊಟ್ಟಿ ಬಡಿಯುತ್ತೇನೆ ಅಂದೆ. ಭಾನುವಾರ ಡಬ್ಬಿ ತೆಗೆದರೆ ಜೋಳದ ಹಿಟ್ಟಿಗೆ ಹುಳ. ಆಮೇಲೆ ಯಾರದೋ ಮದುವೆ, ನನ್ನ ಮಂಡಿ, ಮಳೆ. ಕೌದಿ ಬೀರುವಿನ ಮೇಲೆ ಹೊಟ್ಟೆ ತೆರೆದುಕೊಂಡು ಮಲಗಿದೆ.

ಈಗ ಬುಧವಾರ ರಾತ್ರಿ ಒಂಬತ್ತೂವರೆ. ನಾಳೆಗೆ ನನ್ನ ಹತ್ತಿರ ಒಂದೂ ಕಥೆಯಿಲ್ಲ. ಮೈಸೂರಿನವಳು ಬೆಳಿಗ್ಗೆ ಯಾರೋ ಅಜ್ಜಿ ಬೆಟ್ಟ ಹತ್ತಿದ್ದನ್ನು ಕಳಿಸಿ, ಕೊನೆಗೆ “ನಾಳೆ ಯಾರ ಸರದಿ?” ಅಂತ ಬೇರೆ ಕೇಳಿದ್ದಾಳೆ, ಗೊತ್ತಿಲ್ಲದವಳ ಹಾಗೆ. ಅತ್ತೆ ಒಳಗಿನ ಕೋಣೆಯಿಂದ ಎರಡನೇ ಸಲ ಕೂಗುತ್ತಿದ್ದಾರೆ, ಗಿರಣಿ ಮುಂಜಾನೆ ಎಷ್ಟಕ್ಕ ತೆಗೀತಾರ ಅಂತ.