ದೊಡ್ಡ ಸಂಪೇ ಬೇಕು ಅಂತೇನಿಲ್ಲ

ದೊಡ್ಡ ಸಂಪು ಇಲ್ಲದಿದ್ದರೆ ಮಳೆನೀರು ಹಿಡಿಯುವುದು ಸುಮ್ನೆ ವ್ಯರ್ಥ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದೊಂದು ಮಾತು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ನಮ್ಮದು 30-40 ಸೈಟಿನ ಮನೆ, ಇರುವುದು 500 ಲೀಟರಿನ ಎರಡು ಡ್ರಮ್ಮು ಅಷ್ಟೇ. ಸಾವಿರ ಚದರ ಅಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 1,800 ಲೀಟರ್ ನೀರು, ಡ್ರಮ್ಮು ತುಂಬಿ ಉಳಿದದ್ದು ಗೇಟಿನ ಪಕ್ಕದ ಇಂಗುಗುಂಡಿಗೆ ಹೋಗುತ್ತದೆ. ಬಟ್ಟೆಗೆ, ಗಿಡಕ್ಕೆ, ನೆಲ ಒರೆಸುವುದಕ್ಕೆ ಇದೇ ನೀರು. ಬೋರ್‌ವೆಲ್ ನೀರಲ್ಲಿ ಸೋಪು ಉಜ್ಜಿ ಉಜ್ಜಿ ಕೈ ನೋಯುತ್ತಿತ್ತು, ಇದರಲ್ಲಿ ಅರ್ಧ ಸೋಪಿಗೇ ನೊರೆ.

ನೀವು ಬರೆಯದೇ ಬಿಟ್ಟದ್ದು ಬೇರೆ ಇದೆ. ಬೇಸಿಗೆ ಕಳೆದು ಬರುವ ಮೊದಲ ಮಳೆಯನ್ನು ಹೊರಗೆ ಬಿಡಲೇಬೇಕು. ಮೊದಲ ವರ್ಷ ನಾನು ಆ ನೀರು ಹೊರಗೆ ಬಿಡುವ ವಾಲ್ವ್ ತೆಗೆಯುವುದು ಮರೆತು, ಪಾರಿವಾಳದ ಹಿಕ್ಕೆ, ಒಣ ಎಲೆ, ಧೂಳು ಎಲ್ಲಾ ಇಳಿದು ಡ್ರಮ್ಮಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು (ಮನೆಯಲ್ಲಿ ಬೈಸಿಕೊಂಡದ್ದು ಬೇರೆ). ಮುಚ್ಚಳಕ್ಕೆ ಸೊಳ್ಳೆ ಪರದೆ ಕಟ್ಟದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಇನ್ನು ಕಾನೂನು ಬಿಗಿ ಆಗಬೇಕು, ದಂಡ ಹಾಕಬೇಕು ಅನ್ನುತ್ತೀರಿ. ಮಳೆನೀರು ಹಿಡಿಯಬೇಕು ಅನ್ನುವ ಕಾನೂನು ಬೆಂಗಳೂರಿನಲ್ಲಿ 2009ರಿಂದಲೇ ಇದೆಯಲ್ಲ ಸ್ವಾಮಿ! ನಮ್ಮ ಬೀದಿಯಲ್ಲಿ ಪೈಪು ಫಿಲ್ಟರು ಎಲ್ಲಾ ಗೋಡೆಗೆ ನೇತಾಡುತ್ತಿವೆ, ಒಳಗಿನ ಜಾಲರಿ ತೊಳೆದವರು ಜಾಸ್ತಿ ಅಂದರೆ ಇಬ್ಬರು. ನೀವು ಹೇಳುವ ದಂಡ ಯಾರಿಗೆ ಹಾಕುತ್ತೀರಿ, ಪೈಪು ಇಲ್ಲದವರಿಗೋ, ಇದ್ದೂ ತೊಳೆಯದವರಿಗೋ?